ಎಂಟನೇ ಕೊಠಡಿಯ ಬೋಲ್ಟುಗಳು

ಪ್ರಾಂಶುಪಾಲರೇ, ಮೇಡಂ ಅವರ ಯಜಮಾನರೇ, ಮಗಳೇ, ಸಹೋದ್ಯೋಗಿಗಳೇ, ಮತ್ತು — ಅವರಿದ್ದಿದ್ದರೆ ಮೊದಲು ನಿಮ್ಮನ್ನೇ ಕರೆಯುತ್ತಿದ್ದರು — ಕಡೆಯ ಸಾಲಿನ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ನಾನು ಈ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುವವನು. ಮಾತು ನನ್ನ ಕಸುಬಲ್ಲ. ಆದರೂ ಎದ್ದು ನಿಂತಿದ್ದೇನೆ — ಒಂದು ತಪ್ಪನ್ನು ಒಪ್ಪಿಕೊಳ್ಳಲು, ಒಂದು ಕೆಲಸವನ್ನು ಒಲ್ಲೆ ಎನ್ನಲು.

ನಾವೀಗ ಶ್ರದ್ಧಾಂಜಲಿಗೆ ಸೇರಿರುವ ಈ ಎಂಟನೇ ಕೊಠಡಿಯಲ್ಲೇ ಮೇಡಂ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದರು. ಪಾಠಕ್ಕೆ ಮುಂಚೆ ಬೆಂಚುಗಳನ್ನು ಎಳೆಸಿ, ನಾಲ್ಕು ನಾಲ್ಕು ಜನರನ್ನು ಎದುರುಬದುರು ಕೂರಿಸುತ್ತಿದ್ದರು. ಕೆಳಗಿನ ಕಚೇರಿಯವರು ಆ ಸದ್ದಿಗೆ ರೋಸಿ ಇಟ್ಟ ಹೆಸರು — ‘ಕರಕರ ಮೇಡಂ’. ದೂರು ಹೋಯಿತು. ಆದೇಶ ಬಂತು. ಆರು ವರ್ಷಗಳ ಹಿಂದೆ ಒಂದು ಭಾನುವಾರ, ಬೆಂಚುಗಳನ್ನು ಸಾಲಾಗಿಟ್ಟು ನೆಲಕ್ಕೆ ಬೋಲ್ಟ್ ಬಿಗಿದದ್ದು — ಇದೇ ಕೈ.

ಸೋಮವಾರ ಅವರು ವರ್ಕ್‌ಶಾಪಿಗೆ ಬಂದರು.

“ಏನ್ರೀ, ಬೆಂಚಿಗೆ ಮಾತ್ರ ಬೋಲ್ಟ್ ಹಾಕಿದೀರಿ? ಮಕ್ಕಳನ್ನ ಯಾಕ್ ಬಿಟ್ರಿ?”

“ಆರ್ಡರ್ ಮೇಡಂ. ನಾನೇನ್ ಮಾಡ್ಲಿ?”

“ಈಗೇನೂ ಮಾಡ್ಬೇಡಿ. ಟೆಸ್ಟ್ ಮುಗೀಲಿ, ಕರೀತೀನಿ.”

ಅವರಿಗೊಂದು ಅಭ್ಯಾಸವಿತ್ತು. ಉತ್ತರಪತ್ರಿಕೆಗಳನ್ನು ರೋಲ್ ನಂಬರಿನ ಪ್ರಕಾರ ಜೋಡಿಸುತ್ತಿರಲಿಲ್ಲ. ಪಾಠದ ವೇಳೆ ಯಾರು ಎಲ್ಲಿ ಕೂರುತ್ತಾರೋ ಹಾಗೆ, ಕೊಠಡಿಯ ನಕ್ಷೆಯಂತೆ, ಮೇಜಿನ ತುಂಬ ಹರಡುತ್ತಿದ್ದರು. ಆ ಸಲ ಹಿಂದಿನ ಬಲಮೂಲೆಯ ಹದಿಮೂರು ಪತ್ರಿಕೆಗಳಲ್ಲಿ ಒಂದೇ ತಪ್ಪು — ಸೂತ್ರದ ಆರಂಭದ ಮೈನಸ್ ಗುರುತೇ ಇಲ್ಲ.

“ಕಾಪಿ ಹೊಡೆದಿರ್ತಾರೆ ಬಿಡಿ,” ಎಂದರು ಯಾರೋ.

“ಮೂಲೆ ಹಿಡಿದು ದಡ್ಡರಾಗೋಕಾಗತ್ತೇನ್ರೀ?” ಎಂದವರೇ ಮೇಡಂ ನನ್ನನ್ನು ಕರೆತಂದು ಆ ಮೂಲೆಯಲ್ಲಿ ಕೂರಿಸಿದರು. ಒಂದು ಪೀರಿಯಡ್. ಪೂರ್ತಿ.

ಕಿಟಕಿಯ ಬೆಳಕು ಬಿದ್ದು ಬೋರ್ಡಿನ ಎಡತುದಿ ಬೆಳ್ಳಗೆ ಹೊಳೆಯುತ್ತಿತ್ತು. ಸೂತ್ರ ಶುರುವಾಗುತ್ತಿದ್ದುದೇ ಅಲ್ಲಿ. ತಲೆಯ ಮೇಲಿನ ಫ್ಯಾನಿನ ಸದ್ದಿನಲ್ಲಿ ಅವರ ತುಟಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪಕ್ಕದ ಹುಡುಗಿಯನ್ನು ಕೇಳಿದೆ, “ಅಲ್ಲೇನ್ ಬರೆದಿದೆಯಮ್ಮಾ?”

“ಗೊತ್ತಿಲ್ಲ ಸರ್. ಮುಂದಿನವಳದ್ದು ನೋಡಿ ಬರ್ಕೋತೀನಿ.”

“ಮೇಡಂನ ಕೇಳಬಾರದಾ?”

“ಎಲ್ರೂ ತಿರುಗಿ ನೋಡ್ತಾರೆ ಸರ್.”

ಅಳತೆಯೇ ನನ್ನ ವೃತ್ತಿ. ಬೆಂಚುಗಳ ನಡುವಿನ ಅಂತರವನ್ನು ನಾನು ಗೆರೆ ತಪ್ಪದಂತೆ ಅಳೆದಿದ್ದೆ. ಆ ಹುಡುಗಿಗೂ ಬೋರ್ಡಿಗೂ ಇದ್ದ ದೂರವನ್ನು ಮಾತ್ರ ಅಳೆದಿರಲಿಲ್ಲ. ಅಂದೇ ಬೋಲ್ಟುಗಳನ್ನು ಕಳಚಿದೆ. ಬೆಂಚಿನ ಕಾಲುಗಳಿಗೆ ಹಳೆಯ ಸ್ಕೂಟರ್ ಟ್ಯೂಬಿನ ರಬ್ಬರ್ ಹಾಕಿದೆ. ಮಕ್ಕಳು ಮತ್ತೆ ನಾಲ್ಕು ನಾಲ್ಕು ಜನ ಎದುರುಬದುರು ಕೂತರು. ಸದ್ದು ನಿಂತಿತು, ಹೆಸರು ಉಳಿಯಿತು.

ಮುಂದಿನ ಟೆಸ್ಟಿನಲ್ಲೂ ತಪ್ಪುಗಳಿದ್ದವು. ಆದರೆ ಅವು ಮೇಜಿನ ತುಂಬ ಚದುರಿದ್ದವು. ಮೇಡಂ ನಕ್ಕರು. “ಈಗ ಸರಿ ನೋಡಿ. ಈಗ ತಪ್ಪು ಅವರವರದ್ದು.”

ಅವರು ನಮ್ಮನ್ನಗಲಿ ಇಂದಿಗೆ ಒಂಬತ್ತು ದಿನ. ಆರನೆಯ ದಿನವೇ ನನ್ನ ಮೇಜಿಗೆ ಮತ್ತೊಂದು ಆದೇಶ ಬಂದಿದೆ — ಸೋಮವಾರದೊಳಗೆ ಎಂಟನೇ ಕೊಠಡಿಯ ಬೆಂಚುಗಳನ್ನು ನೆಲಕ್ಕೆ ಬಿಗಿಯತಕ್ಕದ್ದು. ಈ ಸಲ ಸದ್ದಿನ ಮಾತಿಲ್ಲ. ಕಾರಣ: ಶಿಸ್ತು.

ಪ್ರಾಂಶುಪಾಲರೇ, ಗೌರವದಿಂದಲೇ ಹೇಳುತ್ತೇನೆ — ಬಿಗಿಯುವುದಿಲ್ಲ. ಇಗೋ, ಅವೇ ಬೋಲ್ಟುಗಳು, ನಿಮ್ಮ ಮುಂದಿಡುತ್ತಿದ್ದೇನೆ. ಬೇರೆಯವರಿಂದ ಮಾಡಿಸಬಹುದು, ನನ್ನ ಮೇಲೆ ಕ್ರಮವನ್ನೂ ಕೈಗೊಳ್ಳಬಹುದು. ಅದಕ್ಕೆ ಮೊದಲು ಒಂದು ಪೀರಿಯಡ್ ಆ ಮೂಲೆಯಲ್ಲಿ ಕೂತು ಬನ್ನಿ, ಸರ್. ನಾನು ಕೂತಿದ್ದೇನೆ. ಆಮೇಲೆ ಸ್ಪ್ಯಾನರ್ ಹಿಡಿಯಲು ಕೈ ಬರುವುದಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ವೇದಿಕೆಯ ಕಡೆಗಲ್ಲ — ಹಿಂದಿನ ಆ ಬಲಮೂಲೆಯ ಕಡೆಗೆ ತಿರುಗಿ. ಆ ಮೂಲೆಯಲ್ಲಿರುವ ಮಕ್ಕಳೇ, ಎಲ್ಲರೂ ತಿರುಗಿ ನೋಡುತ್ತಿದ್ದಾರೆಂದು ತಲೆ ತಗ್ಗಿಸಬೇಡಿ. ಮೇಡಂ ಅವರಿಗಾಗಿ, ಒಂದು ನಿಮಿಷ — ಮೌನ.