ಗಾರ್ಡಿಗೆ ಕಟ್ಟಿದ ತಂತಿ

ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಬಡಗಿಯೊಬ್ಬ ಹೆಂಡತಿಯೊಂದಿಗೆ ಕುಳಿತಿದ್ದ. ಅವರ ನಡುವಿನ ಚೀಲದಲ್ಲಿ ಮರ ಕೊಯ್ಯುವ ಕೈಮಷಿನ್ ಇತ್ತು. ಚಕ್ರದ ಹಲ್ಲು ಮುಚ್ಚುವ ಗಾರ್ಡನ್ನು ತಂತಿಯಿಂದ ಹಿಂದಕ್ಕೆ ಬಿಗಿದದ್ದು ಅವಳ ಕಣ್ಣಿಗೆ ಬಿತ್ತು.

“ಇದನ್ಯಾಕ ಕಟ್ಟೀರಿ?”

“ಬಾಗ್ಲಾದ ಹಲಗಿ ಓರೆ ಕೊಯ್ಯೋದದ. ಮಷಿನ್ ವಾಲಿಸಿದ್ರ ಗಾರ್ಡ್ ಕಟಗಿಗಿ ಸಿಗಬೀಳ್ತದ.”

“ಅಂಗಡ್ಯಾಗ ತಲಿ ತಿರುಗಿಸಿ ಓರೆ ಕೊಯ್ಯೋ ದೊಡ್ಡ ಮಷಿನ್ ಅದ ಅಲ್ರಿ?”

“ಅದು ಹಲಗಿ ಅಡ್ಡಕ್ಕಷ್ಟೇ ಕೊಯ್ತದ. ಅಂಚಿನುದ್ದಕ್ಕೂ ಓರೆ ಮಾಡಾಕ ಇದೇ ಬೇಕು.”

“ಕೈಗರಗಸ?”

“ಅಷ್ಟುದ್ದ ಗೆರಿ ಹಿಡದು ಹೋಗಲ್ಲ. ಸಂಜಿಗಿ ಬಾಗ್ಲಾ ಕೂಡಿಸಬೇಕು. ನಿಮ್ಮಪ್ಪ ಬಂದು ಕೊಯ್ತಾರೇನು?”

“ನಮ್ಮಣ್ಣನೂ ಹಿಂಗೇ ಕಟ್ಟಿದ್ದ. ಈಗ ಎಡಗೈಲಿಂದ ಉಣ್ತಾನ.”

ಅವಳು ತಂತಿ ಬಿಚ್ಚಿ ಕಿಟಕಿಯಿಂದ ಎಸೆದಳು.

“ಸಿಗಬಿದ್ರ ಸಿಗಬೀಳ್ಲಿ. ಸಾವಕಾಶ ಕೊಯ್ರಿ.”

“ಆಯ್ತು ಬಿಡು, ಆಮ್ರಪಾಲಿ.”

“ನನ್ನ ಮಾರಿ ನೋಡಿ ಹೇಳ್ರಿ.”

“ಕಟ್ಟಲ್ಲ ಅಂದ್ನಲ್ಲ.”

ಹಲಬರ್ಗಾದಲ್ಲಿ ಅವನೊಬ್ಬನೇ ಚೀಲ ಹಿಡಿದು ಇಳಿದ. ಅವಳು ಕಿಟಕಿಯಿಂದ ನೋಡುತ್ತಲೇ ಇದ್ದಳು. ನಾನೂ ನೋಡಿದೆ. ಅವನು ಹೊಲದ ಬೇಲಿಯ ಬಳಿ ಬಗ್ಗಿ, ಅಲ್ಲಿ ಬಿದ್ದಿದ್ದ ಬೇರೊಂದು ತಂತಿಯ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ.

“ನಿಲ್ಲಿಸ್ರಿ,” ಎಂದು ಅವಳು ಎದ್ದಳು.

ಕಂಡಕ್ಟರ್ ಕೇಳಿದ: “ಬೀದರ್ ಟಿಕೀಟ ಅಲ್ಲೇನಕ್ಕ ನಿಮ್ಮದು? ಕೆಲಸಕ್ಕ ಹೋಗಲ್ಲೇನು?”

“ಇವತ್ತ ಹೋಗಲ್ರಿ. ಆ ಬಾಗ್ಲಾ ಮುಗಿಯೋ ತನಕ ಅವರ ಎದುರಿಗೇ ಕೂಡ್ತೇನಿ.”

ಅವಳು ಇಳಿದಳು. ಬಸ್ಸು ಹೊರಟಿತು.