ಭಾವ ಹತ್ತಿದ ಮೆಟ್ಟಿಲು

ಆ ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಕರೆಂಟೂ ಹೋಗಿತ್ತು. ಕತ್ತಲಲ್ಲಿ ಮೇಲಿನ ಮನೆಗಳಿಗೆ ಹತ್ತಲು ಮನಸ್ಸಾಗದೆ ನಾವು ನಾಲ್ಕಾರು ಜನ ಕಟ್ಟಡದ ಕೆಳಗಿನ ಹೊಲಿಗೆ ಅಂಗಡಿಯಲ್ಲೇ ಕೂತೆವು. ಅಲ್ಲಿ ಅಂಗಿಗಳಿಗೆ ಗುಂಡಿ ಹೊಲಿದುಕೊಡುವ ಗುಂಡಿ ಅಜ್ಜಿ ಮೆಷಿನ್ನಿನ ಮೇಲೆ ಮೇಣದಬತ್ತಿ ನಿಲ್ಲಿಸಿ, ಯಾರೂ ಕೇಳದೆಯೇ ಶುರು ಮಾಡಿದರು.

“ನಮ್ಮಕ್ಕನಿಗೆ ಸಾವು ಅಂದ್ರೆ ಭಯ ಇರ್ಲಿಲ್ಲ ಕಣ್ರಪ್ಪಾ. ಅದರ ಆಚೆಗಿನದ್ದೇ ಭಯ. ಸತ್ತಮೇಲೆ ಮುಂದೆ? ಅದರ ಮುಂದೆ? ಅದಕ್ಕೊಂದು ಕೊನೆ ಅಂತ ಇಲ್ವಾ... ಹೀಗೆ ಯೋಚ್ನೆ ಮಾಡ್ತಾ ಮಾಡ್ತಾ, ಊಟದ ತಟ್ಟೆ ಮುಂದೆ ಕೂತಲ್ಲೇ ಬೆವೆತು ಹೋಗೋಳು. ಭಾವ ಗೋಡೆಗೆ ಬಣ್ಣ ಹೊಡೆಯೋರು, ಬಾಯಿ ತೆಗೆದ್ರೆ ತಮಾಷೆ. ‘ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯೆ? ಮೊದ್ಲು ನಾನು ಹೋಗಿ, ಎಲ್ಲಿ ಮುಗಿಯುತ್ತೆ ಅಂತ ನೋಡ್ಕೊಂಡು ಬಂದು ಹೇಳ್ತೀನಿ’ ಅಂದ್ರು. ಅಕ್ಕ ನಗಲಿಲ್ಲ. ‘ಮಾತು ಕೊಡಿ’ ಅಂತ ಕೈ ಚಾಚಿದ್ಲು. ಅವರು ನಗ್ತಾನೇ ಕೈಮೇಲೆ ಕೈ ಹಾಕಿದ್ರು.

ಆ ವರ್ಷವೇ ಭಾವ ಕೆಲಸದಲ್ಲಿ, ಗೋಡೆಗೆ ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದು ಹೋಗ್ಬಿಟ್ರು.

ಆಮೇಲೊಂದು ಸಂಜೆ, ಹಿಂಗೇ ಮಳೆ... ನಾನೂ ಅಕ್ಕನ ಜೊತೆಗೇ ಇದ್ದೆ. ಇದೇ ಕಟ್ಟಡದ ಮೆಟ್ಟಿಲ ಮೇಲೆ ಸದ್ದು. ಹಂಗೆ ಒಂದು ಕಾಲಿನ ಚಪ್ಪಲಿ ಎಳೆದು ಹತ್ತೋರು ಭಾವ ಒಬ್ಬರೇ. ಅಕ್ಕ ಓಡಿಹೋಗಿ ಬಾಗಿಲು ತೆಗೆದ್ಲು, ಹಿಂದೇನೇ ನಾನು. ಯಾರೂ ಕಾಣ್ಲಿಲ್ಲ, ಹಸಿ ಬಣ್ಣದ ವಾಸನೆ ಮಾತ್ರ ಗಪ್ಪಂತ ಬಂತು. ಸದ್ದು ನಮ್ಮ ಬಾಗಿಲು ದಾಟಿ ಮೇಲಕ್ಕೆ ಹೋಯ್ತು. ಮೇಲೇನಿದೆ? ಬರೀ ತಾರಸಿ. ಅಲ್ಲೂ ನಿಲ್ಲಲಿಲ್ಲ... ಇನ್ನೂ ಹತ್ತಿತು, ಇನ್ನೂ ಹತ್ತಿತು, ಮಳೆಯೊಳಗೆ ಸಣ್ಣಗಾಗ್ತಾ ಆಗ್ತಾ, ಕಟ್ಟಡವೇ ಇಲ್ಲದ ಕಡೆಗೆ...

ಅಕ್ಕ ಹೊಸ್ತಿಲ ಮೇಲೆ ಕೂತ್ಲು. ‘ಕೊನೆ ನೋಡೋತನಕ ಅವರು ವಾಪಸ್ ಬರೋ ಹಾಗಿಲ್ಲ ಕಣೇ. ಕೊನೆಯೇ ಇಲ್ದಿದ್ರೆ? ಯಾಕಾದ್ರೂ ಮಾತು ತಗೊಂಡೆನೋ...’ ಅಂದ್ಲು.

ಅಲ್ಲಿಂದ ಮಳೆ ಬಂದಾಗೆಲ್ಲ ಆ ಸದ್ದು ಹತ್ತೋದು, ಅಕ್ಕ ಬಾಗಿಲಲ್ಲಿ ನಿಂತು ಕೂಗೋಳು. ‘ಸಾಕು, ನಿಲ್ಲಿ. ನಂಗೇನೂ ತಿಳ್ಕೋಬೇಕಾಗಿಲ್ಲ. ಒಳಗೆ ಬನ್ನಿ.’ ಅವರಿಗೆ ಕೇಳಿಸ್ತಾನೇ ಇರ್ಲಿಲ್ಲ. ಕೂಗಿ ಕೂಗಿ ಅವಳ ತಲೆ ನೆರೆದು ಹೋಯ್ತು. ಹಾಸಿಗೆ ಹಿಡಿದಾಗ ನನ್ನ ಕೈ ಹಿಡ್ಕೊಂಡು, ‘ಭಯ ಈಗ್ಲೂ ಇದೆ ಕಣೇ. ಆದ್ರೆ ಅವರ ಹಿಂದೇನೇ ಹೋಗಿ ನಿಲ್ಲಿಸೋಕೆ ನಾನು ಬಿಟ್ರೆ ಯಾರಿದ್ದಾರೆ?’ ಅಂದ್ಲು.

ಹೋದ್ಲು. ಇನ್ನಾದ್ರೂ ಆ ಸದ್ದು ನಿಲ್ಲುತ್ತೆ ಅಂದ್ಕೊಂಡಿದ್ದೆ...”

ಅಜ್ಜಿ ಮೆಷಿನ್ನಿನ ಮೇಲೆ ಸುರಿದ ಮೇಣ ಕೆರೆದರು. ಯಾರೋ ಕೆಮ್ಮಿದರು. ಮಳೆ ಸ್ವಲ್ಪ ಇಳಿದಂತಿತ್ತು. ನಾವು ಒಬ್ಬೊಬ್ಬರಾಗಿ ಎದ್ದೆವು.

“ಹುಷಾರಾಗಿ ಹತ್ತಿ,” ಅಂದರು ಅಜ್ಜಿ. “ಹಿಂದಿಂದ ಒಬ್ಬ ಹೆಂಗಸು ‘ಸಾಕು, ನಿಲ್ಲಿ’ ಅಂತ ಕೂಗಿದ್ರೆ ನೀವು ನಿಲ್ಲಬೇಡಿ. ಅವಳು ಕರೀತಿರೋದು ನಿಮ್ಮನ್ನಲ್ಲ... ನಿಮ್ಮ ಮುಂದೆ ಹತ್ತುತ್ತಾ ಇರೋರನ್ನ.”