ಡೆಲಿವರಿ: ನಮ್ಮ ಮನೆಯ ಅರ್ಥಗಳು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ಮುಖ್ಯ ವೈದ್ಯಾಧಿಕಾರಿಗಳೇ, ಅವರ ಬಲಕ್ಕಿರುವ ಅತಿಥಿಗಳೇ, ಎಡಕ್ಕೆ ಕುಳಿತು ಆಗಲೇ ನನ್ನತ್ತ ಕಣ್ಣು ಬಿಡುತ್ತಿರುವ ಇಂದು ಸಿಸ್ಟರ್ ಕೆಲಸದಿಂದ ನಿವೃತ್ತರಾಗುತ್ತಿರುವ ಸನ್ಮಾನಿತೆ, ನನ್ನ ಅಮ್ಮನವರೇ, ಹೆರಿಗೆ ವಾರ್ಡಿನ ಸಿಸ್ಟರುಗಳೇ, ಕೊನೆಯ ಸಾಲಿನಲ್ಲಿ ಬಾಗಿಲಿಗೆ ಹತ್ತಿರ ಕುಳಿತಿರುವ ಅಪ್ಪಾ, ಮತ್ತು ನಾನು ಮೈಕನ್ನು ಮೂರು ಸಲ ತಟ್ಟಿದ್ದನ್ನು ನೋಡದಂತೆ ನಟಿಸುತ್ತಿರುವ ಸಹೃದಯ ಸಭಿಕರೇ,

ಕುಟುಂಬದ ಪರವಾಗಿ ಎರಡು ಮಾತು ಎಂದು ಕಾರ್ಯಕ್ರಮದ ಪಟ್ಟಿಯಲ್ಲಿದೆ. ನಾನು ಒಂದೇ ಮಾತು ಆಡುತ್ತೇನೆ. ಆ ಮಾತು ಡೆಲಿವರಿ. ಅದಕ್ಕೆ ಅರ್ಥಗಳು ಜಾಸ್ತಿ ಇರುವುದರಿಂದ ಸ್ವಲ್ಪ ಹೊತ್ತು ಹಿಡಿಯಬಹುದು.

ನಾನು ಸಾಹಿತ್ಯ ಓದಿದವಳು. ಐದು ಜನರ ಎದುರು ನಿಂತರೆ ಓದಿದ್ದೆಲ್ಲ ಮರೆಯುತ್ತದೆ. "ನಿನ್ನ ಬಾಯಿಂದ ಒಂದು ಮಾತು ಹೊರಡಿಸೋದಕ್ಕಿಂತ ಅವಳಿ ಹೆರಿಗೆ ಮಾಡಿಸೋದು ಸುಲಭ ಕಣೇ" ಎಂದು ಅಮ್ಮ ಹೇಳುತ್ತಲೇ ಇರುತ್ತಾರೆ. ಅಂಥವಳು ಇವತ್ತು ಕೇಳಿಕೊಂಡು ಈ ಮೈಕಿನ ಮುಂದೆ ಬಂದಿದ್ದೇನೆ. ಕಾರಣವಿದೆ. ನಿವೃತ್ತಿಯ ನಂತರ ನಿಮ್ಮ ತರಬೇತಿ ಶಾಲೆಯಲ್ಲಿ ಹೊಸ ಸಿಸ್ಟರುಗಳಿಗೆ ಪಾಠ ಹೇಳಬೇಕೆಂಬುದು ಅಮ್ಮನ ಆಸೆ. ಅರ್ಜಿ ಹಾಕಿದ್ದರು. ಕಳೆದ ವಾರ ಅದು ತಿರುಗಿ ಬಂತು. ಸೇವಾ ಪುಸ್ತಕದಲ್ಲಿ ಕರ್ತವ್ಯಲೋಪದ ಷರಾ ಇದೆಯಂತೆ. ಇದನ್ನು ಸಭೆಯಲ್ಲಿ ಎತ್ತಬಾರದು ಎಂದು ಅಮ್ಮ ಹೇಳಿದ್ದರು. ಎತ್ತಿಯಾಯಿತು.

ಈಗ ಪದಕ್ಕೆ ಬರೋಣ. ನಿಘಂಟು ತೆರೆದರೆ ಡೆಲಿವರಿಗೆ ಏನೇನಿದೆ? ಹೆರಿಗೆ ಇದೆ, ಪ್ರಸವ ಇದೆ. ಬಟವಾಡೆ ಇದೆ, ತಲುಪಿಸುವುದು ಇದೆ. ಚೆಂಡೆಸೆಯುವವನ ಎಸೆತ ಇದೆ. ಭಾಷಣಕಾರನ ಧಾಟಿ ಇದೆ, ಅದರ ಬಗ್ಗೆ ನಾನು ಏನೂ ಹೇಳದಿರುವುದೇ ಒಳ್ಳೆಯದು. ಬಿಡುಗಡೆ ಇದೆ, ಪಾರುಮಾಡುವುದು ಇದೆ. ಒಂದು ಮೂಲೆಯಲ್ಲಿ ಒಪ್ಪಿಸುವುದು ಅಂತಲೂ ಇದೆ.

ನಮ್ಮ ಮನೆಯಲ್ಲಿ ಈ ಪದಕ್ಕೆ ಎರಡೇ ಅರ್ಥ. ಅಮ್ಮನದೊಂದು, ಅಪ್ಪನದೊಂದು. ಅಪ್ಪ ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ಶಾಲೆಯ ಅರ್ಜಿಯಲ್ಲಿ ತಂದೆ ತಾಯಿಯ ಉದ್ಯೋಗ ಎಂಬಲ್ಲಿ ನಾನು 'ಇಬ್ಬರದೂ ಡೆಲಿವರಿ' ಎಂದು ಬರೆದಿದ್ದೆ. ಮೇಡಂ ಕನ್ನಡಕ ಇಳಿಸಿ, "ನಿಮ್ಮಪ್ಪನೂನಾ?" ಎಂದು ಕೇಳಿದ್ದರು.

ಊಟಕ್ಕೆ ಕೂತರೆ ಇವರಿಬ್ಬರದು ಇದೇ ಜಗಳ. "ನಿಂದು ಒಂಬತ್ತು ತಿಂಗಳ ಕೆಲಸ. ನಾನು ಬೆಳಗ್ಗೆ ಎತ್ತಿದ್ದನ್ನ ಸಂಜೆಗೆ ಮುಟ್ಟಿಸ್ತೀನಿ" ಎಂದು ಅಪ್ಪ. "ನಿಮ್ಮದು ತಪ್ಪು ಮನೆಗೆ ಹೋದ್ರೆ ವಾಪಸ್ ತರಬಹುದು. ನನ್ನದು ಹಾಗಲ್ಲ" ಎಂದು ಅಮ್ಮ. ಅಪ್ಪ ಸಾರಿನ ಪಾತ್ರೆಗೆ ಕೈ ಚಾಚುತ್ತಿದ್ದರು. ಅಂದರೆ ಸೋತರು ಎಂದರ್ಥ.

ಈ ಇಂಗ್ಲಿಷ್ ಪದಕ್ಕೆ ನಮ್ಮ ಭಾಷೆ ಸೇರಿಸಿದ ಒಂದು ಬಾಲವಿದೆ, ಸಭಿಕರೇ. ಅಪ್ಪ ಡೆಲಿವರಿ ಮಾಡುತ್ತಾರೆ. ಅಮ್ಮ ಡೆಲಿವರಿ ಮಾಡಿಸುತ್ತಾರೆ. ಮಾಡುವುದಕ್ಕೂ ಮಾಡಿಸುವುದಕ್ಕೂ ಎಷ್ಟು ಅಂತರ! ನೋವು ತಿನ್ನುವವಳು ಮಂಚದ ಮೇಲಿನವಳು, ಹೆರುವವಳೂ ಅವಳೇ. ನನ್ನ ಅಮ್ಮ ಪಕ್ಕದಲ್ಲಿ ನಿಂತು ಅವಳ ಕೈಗೆ ತಮ್ಮ ಕೈ ಕೊಟ್ಟವರು. ಮೂವತ್ತೊಂದು ವರ್ಷ. ಮಗು ಅತ್ತ ಮೇಲೆ ಎಂದೂ "ನಾನು ಮಾಡಿದೆ" ಅಂದವರಲ್ಲ. "ನೀನೇ ಮಾಡಿದೆ ಕಣಮ್ಮ, ನೋಡು" ಅನ್ನುವವರು. ಸಣ್ಣದೊಂದು ಪ್ರತ್ಯಯದಲ್ಲಿ ಇಷ್ಟು ವಿನಯವಿದೆ ಎಂದು ನನಗೆ ಯಾವ ವ್ಯಾಕರಣ ಪುಸ್ತಕವೂ ಹೇಳಿರಲಿಲ್ಲ. ನನಗೆ ಹೆಮ್ಮೆಯೇ, ಮುಚ್ಚಿಡುವುದೇಕೆ?

ಕೆಲವು ವರ್ಷಗಳ ಹಿಂದೆ ಅಮ್ಮ ಈ ಆಸ್ಪತ್ರೆಯಲ್ಲೇ, ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವ ವಿಭಾಗದಲ್ಲಿದ್ದರು. ಮನೆಯ ಫೋನಿಗೆ ಕರೆ ಬಂದರೆ ಚೀಲ ಹಿಡಿದು ಹೊರಡಬೇಕು. ಅಪ್ಪನ ಗಿರಾಕಿಗಳೂ ಅದೇ ಫೋನಿಗೆ ಕರೆ ಮಾಡುತ್ತಿದ್ದರು. ಫೋನಿನ ಮೇಲೆ ಎರಡು ಮೊಳೆ. ಎಡದ ಮೊಳೆಗೆ ಅಮ್ಮನ ಚೀಟಿ, ಬಲದ ಮೊಳೆಗೆ ಅಪ್ಪನದು. ಅಪ್ಪನ ಗಿರಾಕಿಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ರಟ್ಟಿನ ಮೇಲೆ ಬರೆದಿಟ್ಟಿದ್ದರು.

ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ನಾನು ಆಗ ಕಾಲೇಜಿನಲ್ಲಿದ್ದೆ. ಬೆಳಗಿನವರೆಗೂ ದುಡಿದ ಅಮ್ಮ ಒಳಗೆ ಮಲಗಿದ್ದರು. ಫೋನು ಬಂತು. ಒಬ್ಬ ಗಂಡಸು. "ಡೆಲಿವರಿಗೆ ಮೇಡಂ, ತುಂಬಾ ಅರ್ಜೆಂಟು." ನಾನು ರಟ್ಟು ನೋಡಿಕೊಂಡು ಕೇಳಿದೆ, "ತೂಕ ಎಷ್ಟಿದೆ?" ಅವರು, "ಮೂರು ಕೆಜಿ ಹತ್ರ ಇರಬಹುದು ಅಂದಿದ್ದಾರೆ." "ಒಡೆಯೋ ಸಾಮಾನಾ?" "ನೀರು ಆಗಲೇ ಒಡೀತು ಮೇಡಂ." ನಾನು ಹೇಳಿದೆ, "ಸೋರ್ತಾ ಇದ್ರೆ ಪ್ಲಾಸ್ಟಿಕ್ ಸುತ್ತಿಡಿ. ನಾಲ್ಕು ಗಂಟೆಗೆ ಬರ್ತಾರೆ."

ನಗಿ. ನಾನೂ ಈಗ ನಗುತ್ತೇನೆ. ಸಂಕೋಚದವರು ಫೋನಿನಲ್ಲಿ ಎದುರಿನವರ ಮಾತನ್ನು ಕೇಳುವುದಿಲ್ಲ, ತಮ್ಮ ಮಾತು ಸರಿಯಾಗಿ ಬಂತೇ ಎಂದು ಕೇಳಿಸಿಕೊಳ್ಳುತ್ತಿರುತ್ತಾರೆ. ನಾನು ವಿಳಾಸ ಬರೆದೆ. ಚೀಟಿಯನ್ನು ಬಲದ ಮೊಳೆಗೆ ಸಿಕ್ಕಿಸಿದೆ. ಒಂದು ಫೋನು ನಿಭಾಯಿಸಿದೆನಲ್ಲ ಎಂದು ಬೀಗಿದೆ.

ಅಪ್ಪ ನಾಲ್ಕಕ್ಕೆ ಹೋದರು. ಎರಡು ಗಂಟೆ ಕಾಲ ಆ ಹೆಣ್ಣುಮಗಳು ಗಂಡನ ಕೈ ಹಿಡಿದುಕೊಂಡು ಕಾದಿದ್ದಳು. ಅಪ್ಪ ಪೆಟ್ಟಿಗೆಗಳನ್ನೆಲ್ಲ ಬೀದಿಯಲ್ಲೇ ಇಳಿಸಿ, ಕಂಬಳಿ ಹಾಸಿ, ಅವಳನ್ನು ಮಲಗಿಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿ ಈ ಆಸ್ಪತ್ರೆಗೆ ಗಾಡಿ ಓಡಿಸಿದರು. "ಹತ್ತಿಸ್ಕೊಂಡಿದ್ದು ಇಬ್ಬರನ್ನ, ಇಳಿಸಿದ್ದು ಮೂವರನ್ನ" ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ. ತಾಯಿ, ಮಗು ಇಬ್ಬರೂ ಉಳಿದರು. ಉಳಿಯದೇ ಇದ್ದಿದ್ದರೆ? ಆ ಪ್ರಶ್ನೆಯ ಮುಂದೆ ನನ್ನ ನಗು ನಿಲ್ಲುತ್ತದೆ.

ಆ ಗಂಡ ದೂರು ಕೊಟ್ಟರು. ಕೊಡಬೇಕಾದ್ದೇ. ವಿಚಾರಣೆಯಲ್ಲಿ ಅಮ್ಮ ಬರೆದುಕೊಟ್ಟದ್ದು ಒಂದೇ ಸಾಲು: 'ಕರೆಯನ್ನು ನಾನೇ ತಪ್ಪಾಗಿ ತಿಳಿದೆ.' ನಾನು ಅತ್ತೆ. "ನಾನು ಹೋಗಿ ಹೇಳ್ತೀನಮ್ಮ" ಅಂದೆ. "ಆ ಫೋನು ನನ್ನ ಡ್ಯೂಟಿ. ನೀನು ಪರೀಕ್ಷೆಗೆ ಓದ್ಕೋ, ಹೋಗು" ಅಂದರು. ನಾನು ಓದಿಕೊಂಡೆ, ಪಾಸಾದೆ. ನನಗೆ ಅಂಕಪಟ್ಟಿ ಬಂತು, ಅಮ್ಮನಿಗೆ ಷರಾ ಬಂತು.

ಅಮ್ಮ ಈಗ ಕಣ್ಣಲ್ಲೇ 'ಕೂತ್ಕೋ' ಅನ್ನುತ್ತಿದ್ದಾರೆ. ಹುಟ್ಟಿದಾಗಿನಿಂದ ಕೂತೇ ಇದ್ದೇನಮ್ಮ. ಇವತ್ತೊಂದು ದಿನ ನಿಲ್ಲುತ್ತೇನೆ.

ಒಪ್ಪಿಸುವುದು ಎಂಬ ಅರ್ಥವೂ ಇದೆ ಎಂದೆನಲ್ಲ? ಪಾರ್ಸೆಲ್ ಒಪ್ಪಿಸುತ್ತೇವೆ, ಮಗುವನ್ನು ತಾಯಿಯ ಮಡಿಲಿಗೆ ಒಪ್ಪಿಸುತ್ತೇವೆ, ಪಾಠ ಒಪ್ಪಿಸುತ್ತೇವೆ. ತಪ್ಪನ್ನು ಮಾತ್ರ ಬೇರೆಯವರಿಗೆ ಒಪ್ಪಿಸಲಾಗದು, ನಾವೇ ಒಪ್ಪಿಕೊಳ್ಳಬೇಕು. ಅಧ್ಯಕ್ಷರೇ, ಆ ತಪ್ಪು ನನ್ನದು. ನನ್ನ ಅಮ್ಮ ಒಂದು ಕರೆಯನ್ನೂ ತಪ್ಪಾಗಿ ತಿಳಿದವರಲ್ಲ, ಆ ಕರೆ ಅವರನ್ನು ಮುಟ್ಟಲೇ ಇಲ್ಲ. ಇದೆಲ್ಲವನ್ನೂ ಈ ಕಾಗದದಲ್ಲಿ ಬರೆದಿದ್ದೇನೆ. ಆ ಮಗುವಿನ ತಂದೆಯನ್ನು ಮೊನ್ನೆ ಹುಡುಕಿಕೊಂಡು ಹೋಗಿ ನಡೆದದ್ದನ್ನು ಹೇಳಿದೆ. ಅವರು, "ಪ್ಲಾಸ್ಟಿಕ್ ಸುತ್ತಿಡಿ ಅಂದಿದ್ದು ನೀವಾ?" ಎಂದು ಕೇಳಿ, ನನ್ನ ಮಾತಿನ ಕೆಳಗೆ 'ಇದು ನಿಜ' ಎಂದು ಬರೆದುಕೊಟ್ಟರು. ಷರಾ ತೆಗೆದು ಅರ್ಜಿಯನ್ನು ಇನ್ನೊಮ್ಮೆ ನೋಡಬೇಕೆಂದು ನಿಮ್ಮಲ್ಲಿ ಕೋರುತ್ತೇನೆ. ನಿಮ್ಮ ಹೊಸ ಸಿಸ್ಟರುಗಳಿಗೆ ಇಂಥ ಗುರು ಸಿಗದಿದ್ದರೆ ನಷ್ಟ ಅಮ್ಮನದಲ್ಲ.

ಇದುವರೆಗೆ ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಕೆಳಗಿಳಿಯುವ ಮುಂಚೆ ಕಾಗದ ಕೊಟ್ಟುಬಿಡುತ್ತೇನೆ. ತಗೊಳ್ಳಿ ಸರ್. ಇಲ್ಲ, ಹಾಗೇ ಜೇಬಿಗೆ ಹಾಕಬೇಡಿ. ನಾನು ಪಾರ್ಸೆಲ್ ವ್ಯಾನಿನವರ ಮಗಳೂ ಹೌದು, ಕೈಗೆ ಮುಟ್ಟಿದ್ದಕ್ಕೆ ಸಹಿ ಇಲ್ಲದೆ ವಾಪಸ್ ಹೋಗುವಂತಿಲ್ಲ. ಇಲ್ಲಿ ಸರ್, ಎರಡನೇ ಪ್ರತಿಯ ಮೇಲೆ. ತಾರೀಕೂ ಹಾಕಿ.

ಹಾಕಿದರು. ನಮಸ್ಕಾರ.